ಪರಸವ್ವನ ಹಾಜರಿ

ಆಮ್ರಪಾಲಿ ಬರುವ ತನಕ ವಿಜಯಪುರ ಸೀಮೆಯಲ್ಲಿ ದೀಪ ಹತ್ತುವುದಿಲ್ಲ, ರಿಬ್ಬನ್ ಕತ್ತರಿಸುವುದಿಲ್ಲ, ಶಾಲು ಯಾರ ಹೆಗಲಿಗೂ ಏರುವುದಿಲ್ಲ. ಇದು ಅವಳ ದೊಡ್ಡಸ್ತಿಕೆಯಲ್ಲ, ಅವಳ ಕೊರಳಲ್ಲಿ ತೂಗುವ ಕ್ಯಾಮೆರಾದ ದೊಡ್ಡಸ್ತಿಕೆ. ಮುಖ್ಯ ಅತಿಥಿಗಳು ಬಂದು ತಾಸಾಗಿರಲಿ, ಜನ ಬಿಸಿಲಿಗೆ ಬಾಡಿರಲಿ, ಮೈಕಿನವನು ಮಾತ್ರ "ಪೇಪರ್‌ದವ್ರು ಬರಾಕತ್ತಾರ, ಎರಡ ನಿಮಿಷ" ಎನ್ನುತ್ತಲೇ ಇರುತ್ತಾನೆ. ಅವಳ ಸ್ಕೂಟಿ ಕಂಡ ಮೇಲೆಯೇ ಕಡ್ಡಿ ಗೀರುವುದು.

ನಗರದ ಒಂದು ಸಣ್ಣ ದಿನಪತ್ರಿಕೆಗೆ ಹನ್ನೊಂದು ವರ್ಷದಿಂದ ಅವಳೇ ಛಾಯಾಗ್ರಾಹಕಿ. ಮುಂಜಾನೆ ಡಿಸಿ ಆಫೀಸಿನ ಮುಂದೆ ಯಾರಾದರೂ ಧರಣಿ ಕೂತಿರುತ್ತಾರೆ. ಅಲ್ಲಿಂದ ಟಿಕೋಟಾಕ್ಕೆ ಹೋದರೆ ಒಣದ್ರಾಕ್ಷಿ ಶೆಡ್ಡಿನಲ್ಲಿ ಅಧಿಕಾರಿಗಳ ಭೇಟಿ, ಮಧ್ಯಾಹ್ನ ಬಬಲೇಶ್ವರದಲ್ಲಿ ನಿವೃತ್ತ ಮಾಸ್ತರರಿಗೆ ಸತ್ಕಾರ. ಎಲ್ಲ ಕಡೆಯೂ ಅವಳದು ಒಂದೇ ಮಾತು: "ಇನ್ನೊಮ್ಮೆ ಕೊಡ್ರಿ, ಇತ್ತಾಗ ನೋಡ್ರಿ." ಕೊಟ್ಟ ಪ್ರಶಸ್ತಿಯನ್ನು ಮರಳಿ ಇಸಿದುಕೊಂಡು ಮತ್ತೊಮ್ಮೆ ಕೊಡುತ್ತಾರೆ. ಇದನ್ನು ಯಾರೂ ಸುಳ್ಳೆಂದು ಬಗೆದಿಲ್ಲ. ಸೀಮೆಯ ಪುಢಾರಿಗಳಿಗಂತೂ ಅವಳ ಕ್ಯಾಮೆರಾ ಮೇಲೆದ್ದರೆ ಸಾಕು, ಕೈಗಳು ತಾವಾಗಿಯೇ ಮುಗಿದುಕೊಳ್ಳುತ್ತವೆ.

ಮೊದಮೊದಲು ಗಂಡಸು ಫೋಟೋಗ್ರಾಫರ್‌ಗಳು ಅವಳನ್ನು ಹಿಂದಕ್ಕೆ ದಬ್ಬುತ್ತಿದ್ದರು. ಇವಳ ಮೊಳಕೈ ಎಷ್ಟು ಚೂಪು ಎಂದು ಗೊತ್ತಾದ ಮೇಲೆ ದಾರಿ ಬಿಡುವುದನ್ನು ಕಲಿತರು. ಸಾಲಿ ಮಾಸ್ತರರಾಗಿದ್ದ ತಂದೆ ದಶರಥ ಮಗಳಿಗೆ ಹೇಳಿಕೊಟ್ಟಿದ್ದು ಒಂದೇ, ಯಾರಾದರೂ ಪಕ್ಕಕ್ಕೆ ಸರಿ ಅಂದರೆ ಯಾಕೆ ಅಂತ ಕೇಳು, ಆಮೇಲೆ ಬೇಕಾದರೆ ಸರಿ.

ಏಪ್ರಿಲ್ ಎಂಟರಂದು ಅವಳಿಗೆ ಚಂದ್ರಾಬಾಯಿಯ ಫೋನು ಬಂತು. ಬಬಲೇಶ್ವರದ ಆಚೆಗೆ ಕೆರೆಯೊಂದಿರುವ ಊರಿನ ಕೂಲಿ ಹೆಂಗಸು ಈಕೆ. ಊರಿನ ಹೆಸರು ಹೇಳುವುದಿಲ್ಲ, ಹೇಳಿದರೆ ಸುತ್ತಲಿನ ಊರಿನವರು ತಾವು ಪಾರಾದೆವೆಂದು ನಗುತ್ತಾರೆ. ಎರಡು ಬೇಸಿಗೆಯ ಹಿಂದೆ ಆ ಕೆರೆಯ ಹೂಳು ತೆಗೆಯುವಾಗ ಬುಟ್ಟಿ ಹೊತ್ತ ಹದಿನಾಲ್ಕು ಹೆಂಗಸರ ಫೋಟೋ ತೆಗೆದಿದ್ದಳು ಆಮ್ರಪಾಲಿ. ಮೊದಲ ಪುಟದಲ್ಲಿ ಬಂದಿತ್ತು.

ಬಬಲೇಶ್ವರದ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಇಬ್ಬರೂ ಕೂತರು.

"ಖಾತ್ರಿ ಕೆಲಸ ಕೊಡ್ರಿ ಅಂತ ಕೇಳಾಕ ಪಂಚಾಯ್ತಿಗಿ ಹೋದ್ವಿ ತಂಗಿ," ಎಂದಳು ಚಂದ್ರಾಬಾಯಿ. "ನಿಮ್ಮ ಹೆಸರಿಲೆ ಆಗಳೇ ಕೆಲಸ ನಡದೈತಿ, ದಿನಾ ಹಾಜರಿ ಬೀಳಾಕತ್ತೈತಿ, ಇನ್ನೆಷ್ಟ ಸಲ ಕೊಡೂಣು ಅಂದ್ರು. ಕೆರಿಗಿ ಹೋಗಿ ನೋಡಿದ್ರ ಜೆಸಿಬಿ ಒಂದೇ ದುಡ್ಯಾಕತ್ತೈತಿ."

ಉದ್ಯೋಗ ಖಾತ್ರಿಯಲ್ಲಿ ದಿನವೂ ಕೂಲಿಗಳನ್ನು ನಿಲ್ಲಿಸಿ ಮೊಬೈಲಿನಲ್ಲಿ ಫೋಟೋ ತೆಗೆದು ಸರ್ಕಾರದ ಜಾಲತಾಣಕ್ಕೆ ಏರಿಸಬೇಕು. ಅದೇ ಹಾಜರಿ. ಬೇಕಾದವರು ಅದನ್ನು ತೆರೆದು ನೋಡಬಹುದು. ಚಂದ್ರಾಬಾಯಿ ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸಿ, ಆ ಚಿತ್ರವನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು ಬಂದಿದ್ದಳು.

"ಇದು ನೀ ತಗದದ್ದ ಅಲ್ಲೇನ? ನಮ್ಮನ್ಯಾಗ ಗ್ವಾಡಿಗಿ ಹಚ್ಚೇನಿ. ಕೆಳಗ ಈ ನೆರಳೂ ನಿಂದ."

ಆಮ್ರಪಾಲಿ ಚಿತ್ರವನ್ನು ದೊಡ್ಡದು ಮಾಡಿದಳು. ಪೇಪರಿನ ಅಚ್ಚಿನ ಚುಕ್ಕೆಗಳು ಎದ್ದವು, ಮಡಿಕೆಯ ಗೆರೆಯೊಂದು ಹೆಂಗಸರ ಮೊಣಕಾಲಿನ ಮೇಲೆ ಹಾದಿತ್ತು. ಕೆಳಗಿನ ಮೂಲೆಯಲ್ಲಿ ಮೊಳಕೈ ಎತ್ತಿದ ಅವಳದೇ ನೆರಳು. ಅವತ್ತು ಅದಕ್ಕಾಗಿ ಸಂಪಾದಕರಿಂದ ಬೈಸಿಕೊಂಡಿದ್ದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಹಳೆಯ ಪೇಪರಿನ ಫೋಟೋಕ್ಕೆ ಫೋಟೋ ಹೊಡೆದು ದಿನಾ ಹಾಜರಿ ಹಾಕಿದ್ದರು.

ಚಂದ್ರಾಬಾಯಿಯ ಬೆರಳು ಸಾಲಿನಲ್ಲಿ ನಾಲ್ಕನೆಯವಳ ಮೇಲೆ ನಿಂತಿತು. "ಪರಸವ್ವ. ಹ್ವಾದ ವರ್ಷ ನಾವೇ ಮಣ್ಣ ಕೊಟ್ಟ ಬಂದೀವಿ. ಆಕೀದೂ ಹಾಜರಿ ಬೀಳಾಕತ್ತೈತಿ."

ಆಮ್ರಪಾಲಿಗೆ ಮೈಯೆಲ್ಲ ಉರಿಯಿತು. ಪರಸವ್ವನ ನೆನಪು ಅವಳಿಗೆ ಚೆನ್ನಾಗಿತ್ತು. ಚಿತ್ರ ಸರಿಬರಲಿಲ್ಲವೆಂದು ಬುಟ್ಟಿಯನ್ನು ಇನ್ನೊಮ್ಮೆ ಹೊರಿಸಿದಾಗ, "ಮೊದಲನೇದು ಹೊಟ್ಟಿಗಿ, ಎರಡನೇದು ಪೇಪರಿಗಿ" ಎಂದು ನಕ್ಕಿದ್ದವಳು ಅವಳೇ. ಆ ನಗುವನ್ನು ಕದ್ದು ಕೂಲಿಗೆ ಹಚ್ಚಿದವನು ಬಸಗೊಂಡಪ್ಪ, ಆ ಊರಿನ ಕೆಲಸಗಳನ್ನೆಲ್ಲ ತಾನೇ ನಡೆಸುವ ಪುಢಾರಿ. ಜೆಸಿಬಿ ಅವನದೇ, ಹೆಂಗಸರ ಹೆಸರಿನ ಕೂಲಿ ಹಣವೂ ಅವನ ಕಿಸೆಗೇ.

ಚಂದ್ರಾಬಾಯಿ ತಾಲೂಕು ಕಚೇರಿಗೆ ತಕರಾರು ಕೊಟ್ಟಳು. ಕೊಟ್ಟ ಮರುದಿನವೇ ಸಂಪಾದಕ ಗುರುಪಾದಯ್ಯನವರು ಆಮ್ರಪಾಲಿಯನ್ನು ಕರೆಸಿದರು.

"ನೋಡವಾ, ಬಸಗೊಂಡಪ್ಪ ಬಂದಿದ್ದ. ಫೋಟೋ ಈ ತಿಂಗಳ ತಗದದ್ದು ಅಂತ ನೀ ಒಂದ ಚೀಟಿ ಬರದ ಕೊಟ್ರ ಮುಗೀತು. ತಗದಾಕಿನ ಹೇಳಿದ ಮ್ಯಾಲ ಯಾರ ಕೇಳ್ತಾರ?"

"ಬರ್ಯಂಗಿಲ್ರಿ ಸರ್."

"ಹುಟ್ಟಿದಹಬ್ಬಕ್ಕ ಪೂರಾ ಪುಟದ ಜಾಹೀರಾತು ಕೊಡಾಂವ ಅಂವ."

"ಕೊಡಲ್ರಿ. ಬರ್ಯಂಗಿಲ್ಲ."

ಗುರುಪಾದಯ್ಯನವರು ಕನ್ನಡಕ ತೆಗೆದರು. "ದೊಡ್ಡ ಸತ್ಯವಂತಿ ಆದೆ ಈಗ. ಒಂದ ಸಸಿ ಎರಡ ಸಲ ನೆಡಿಸಾಕಿ ನೀನ. ಆ ಹೆಂಗಸರಿಗೂ ಎರಡ ಸಲ ಬುಟ್ಟಿ ಹೊರಿಸಿದಿ. ಅದು ಸುಳ್ಳಲ್ಲೇನು?"

ಏಟು ಸರಿಯಾದ ಜಾಗಕ್ಕೇ ಬಿತ್ತು. ಆದರೂ ಅವಳು ಹೇಳಿದಳು, "ಎರಡ ಸಲ ಹೊರಿಸೇನಿ, ಖರೆ. ಹೊತ್ತವ್ರು ಜೀವಂತ ಇದ್ರು ಸರ್."

"ಹಂಗಾರ ನಾಳಿಂದ ಬರಬ್ಯಾಡ."

ಕ್ಯಾಮೆರಾ ಅವಳದೇ, ತನ್ನ ದುಡಿಮೆಯಿಂದ ಕೊಂಡದ್ದು. ಪತ್ರಿಕೆಯ ಹೆಸರಿದ್ದ ಕೊರಳಪಟ್ಟಿ ಮಾತ್ರ ಅವರದು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು, ಕ್ಯಾಮೆರಾವನ್ನು ಕಂಕುಳಲ್ಲಿ ಹಿಡಿದುಕೊಂಡು ಹೊರಬಿದ್ದಳು. ಸ್ಕೂಟಿ ಮನೆಯ ಕಡೆ ತಿರುಗಲಿಲ್ಲ, ಫ್ಲೆಕ್ಸ್ ಹೊಡೆಯುವ ಅಲ್ಲಾಉದ್ದೀನನ ಅಂಗಡಿಯ ಕಡೆ ತಿರುಗಿತು.

ಏಪ್ರಿಲ್ ಹನ್ನೊಂದಕ್ಕೆ ಪರಸವ್ವ ತೀರಿಕೊಂಡು ವರ್ಷ. ಈ ಸೀಮೆಯಲ್ಲಿ ಉಳ್ಳವರು ಸತ್ತರೆ ವರ್ಷದ ದಿನ ಊರಿನ ಚೌಕಿನಲ್ಲಿ ಪುಣ್ಯಸ್ಮರಣೆಯ ಬ್ಯಾನರ್ ಏಳುತ್ತದೆ. ಕಟ್ಟುವುದಷ್ಟೇ ಜನರ ಕೆಲಸ, ಹರಿಯುವುದು ಗಾಳಿಯ ಕೆಲಸ. ಸತ್ತವರ ಬ್ಯಾನರಿಗೆ ಬದುಕಿದವರು ಕೈ ಹಚ್ಚಿದರೆ ಮನೆಗೆ ಕೇಡು ಎಂದು ನಂಬಿಕೆ. ಚುನಾವಣೆಯವರು ಊರಿನ ಬ್ಯಾನರೆಲ್ಲ ಕಿತ್ತರೂ ಅದನ್ನು ಬಿಟ್ಟು ಹೋಗುತ್ತಾರೆ. ಕೂಲಿ ಹೆಂಗಸಿಗೆ ಮಾತ್ರ ಇಲ್ಲಿಯವರೆಗೆ ಯಾರೂ ಕಟ್ಟಿರಲಿಲ್ಲ. ಆಧಾರ್ ಕಾರ್ಡಿನ ಮಸುಕು ಮುಖ ಬಿಟ್ಟರೆ ಪರಸವ್ವನದು ಇದ್ದದ್ದೇ ಆ ಕೆರೆಯ ಫೋಟೋ.

ಅಲ್ಲಾಉದ್ದೀನ ಅವಳು ಕೊಟ್ಟ ಬ್ಯಾನರಿನ ಬರಹವನ್ನು ಓದಿದ, ಮತ್ತೊಮ್ಮೆ ಓದಿದ. "ಎಷ್ಟ ಫೂಟ್ ಮಾಡ್ಲಿ ಅಕ್ಕಾ?"

"ದೊಡ್ಡ ಮಂದೀದು ಎಷ್ಟ ಇರತೈತಿ?"

"ಆರು-ಎಂಟು."

"ಅದಕಿಂತ ಒಂದ ಫೂಟ್ ಹೆಚ್ಚಿಗಿ ಮಾಡು."

ಹನ್ನೊಂದರ ಮುಂಜಾನೆ ಪಂಚಾಯ್ತಿಯ ಎದುರಿನ ಚೌಕಿನಲ್ಲಿ ಪರಸವ್ವ ನಗುತ್ತಿದ್ದಳು. ಕೆಳಗೆ ದಪ್ಪ ಅಕ್ಷರದಲ್ಲಿ ಹೀಗಿತ್ತು: ಪ್ರಥಮ ಪುಣ್ಯಸ್ಮರಣೆ. ತೀರಿಕೊಂಡಿದ್ದು ಕಳೆದ ವರ್ಷ ಏಪ್ರಿಲ್ ಹನ್ನೊಂದು. ಕೆರೆ ಕೆಲಸಕ್ಕೆ ಹಾಜರಾಗಿದ್ದು ಈ ವರ್ಷ ಏಪ್ರಿಲ್ ಒಂದರಿಂದ ಹತ್ತರವರೆಗೆ, ಒಂದು ದಿನವೂ ತಪ್ಪದೆ. ದುಃಖತಪ್ತರು: ಕೆಲಸ ಸಿಗದ ಹದಿಮೂರು ಜನ ಗೆಳತಿಯರು.

ಊರು ಚೌಕಿನಲ್ಲಿ ನೆರೆಯಿತು. ಬಸಗೊಂಡಪ್ಪ ಬುಲೆಟ್ ಮೇಲೆ ಬಂದ. ನೀರು ಬಿಡುವ ಪರಮೇಶ್ವರನನ್ನು ಕರೆದು, "ಹರಿ ಲೇ ಅದನ್ನ" ಎಂದ. ಪರಮೇಶ್ವರ ಚಪ್ಪಲಿ ಬಿಟ್ಟ, ಬ್ಯಾನರಿಗೆ ನಮಸ್ಕಾರ ಮಾಡಿದ. "ಸತ್ತವ್ರದಕ್ಕ ನಾ ಕೈ ಹಚ್ಚಂಗಿಲ್ರಿ. ಮನ್ಯಾಗ ಮಕ್ಕಳದಾವ" ಎಂದು ಹೇಳಿ ನೀರು ಬಿಡಲು ಹೊರಟುಹೋದ. ಉಳಿದವರು ತಮ್ಮನ್ನೆಲ್ಲಿ ಕರೆಯುತ್ತಾನೋ ಎಂದು ಆಕಾಶ ನೋಡಿದರು.

ಬಸಗೊಂಡಪ್ಪ ತಾನೇ ಹೋಗಿ ಬ್ಯಾನರಿನ ಹಗ್ಗಕ್ಕೆ ಕೈ ಹಾಕಿದ.

"ಬಸಗೊಂಡಪ್ಪಾರ," ಎಂದಳು ಆಮ್ರಪಾಲಿ ಎದುರಿನಿಂದ.

ಅವನು ತಿರುಗಿದ. ಎದುರಿಗೆ ಕ್ಯಾಮೆರಾ. ಹನ್ನೊಂದು ವರ್ಷದ ರೂಢಿ ಎಲ್ಲಿ ಹೋದೀತು? ಕೈ ಹಗ್ಗ ಬಿಟ್ಟಿತು, ಹೆಗಲ ಮೇಲಿನ ಟವೆಲ್ ಸರಿಮಾಡಿತು, ಇನ್ನೊಂದು ಕೈಯ ಜೊತೆ ಸೇರಿ ಎದೆಗೆ ಬಂತು. ಮುಖದ ಮೇಲೆ ಜಾಹೀರಾತಿನಲ್ಲಿ ಬರುವ ಅದೇ ನಗು. ಅವನ ಹಿಂದಿನ ಬ್ಯಾನರೂ ಸೇರುವಂತೆ ಆಮ್ರಪಾಲಿ ಕ್ಲಿಕ್ಕಿಸಿದಳು. ತಾನು ಏನು ಮಾಡಿದೆನೆಂದು ಅವನಿಗೆ ತಿಳಿಯುವಷ್ಟರಲ್ಲಿ ಚೌಕೆಲ್ಲ ನಗುತ್ತಿತ್ತು.

"ಅಳಸು ಅದನ್ನ," ಎಂದು ಮೇಲೆ ಬಂದ.

"ಯಾಕ್ರಿ? ಸತ್ತಾಕಿಗಿ ಕೈ ಮುಗದೀರಿ. ಹನ್ನೊಂದ ವರ್ಷದಾಗ ನಿಮ್ಮದು ಇದೊಂದ ಫೋಟೋ ನಾ ಹೇಳಿ ನಿಲ್ಲಿಸಿ ತಗದದ್ದಲ್ಲ. ಅಳಸಂಗಿಲ್ಲ."

ಅವನ ಕೈ ಕ್ಯಾಮೆರಾದತ್ತ ಬಂತು. ಚಂದ್ರಾಬಾಯಿ ನಡುವೆ ಬಂದು ನಿಂತಳು. ಅವಳ ಹಿಂದೆ ಉಳಿದ ಹನ್ನೆರಡು ಮಂದಿಯೂ ಬಂದರು. ಅವನು ಬುಲೆಟ್ ಹತ್ತಿದ.

ಸಂಜೆಯೊಳಗೆ ಟಿಕೋಟಾದಿಂದ ಇಟ್ಟಂಗಿಹಾಳದವರೆಗೆ ಎಲ್ಲರ ಮೊಬೈಲಿನಲ್ಲೂ ಬಸಗೊಂಡಪ್ಪ ಕೈ ಮುಗಿದು ನಿಂತಿದ್ದ. ಗುರುಪಾದಯ್ಯನವರ ಫೋನು ತಾನಾಗಿಯೇ ಬಂತು. "ಬ್ಯಾರೆ ಪೇಪರಿನವ್ರಿಗಿ ಕೊಡಬ್ಯಾಡವಾ, ನಾವ ಹಾಕೂಣು."

"ಬ್ಯಾನರ್ ಪೂರಾ ಬರಬೇಕ್ರಿ, ಕತ್ತರಿಸಬಾರದು. ಕೆಳಗ ನನ್ನ ಹೆಸರ ಇರಬೇಕು."

ಎರಡೂ ಬಂದವು. ತಾಲೂಕಿನವರು ಪೇಪರನ್ನು ಕೈಯಲ್ಲಿ ಹಿಡಿದುಕೊಂಡೇ ಕೆರೆಗೆ ಬಂದರು. ಜೆಸಿಬಿ ಹೋಯಿತು. ಹಾಜರಿ ಹಾಕಲು ವಿದ್ಯಾವತಿ ಎಂಬ ಹೊಸ ಹುಡುಗಿ ನೇಮಕವಾದಳು. ಬಸಗೊಂಡಪ್ಪನಂಥವರು ಒಂದೇ ಪೆಟ್ಟಿಗೆ ಮಲಗುವುದಿಲ್ಲ, ಅದು ಆಮ್ರಪಾಲಿಗೂ ಗೊತ್ತು. ಅವನು ಎದ್ದು ಬರಲಿ, ಕ್ಯಾಮೆರಾ ಇದೆ.

ಸೋಮವಾರ ಹೆಂಗಸರಿಗೆ ಕೆಲಸ ಸಿಕ್ಕಿತು. ಆಮ್ರಪಾಲಿ ಹೋದಾಗ ಅವರು ಏರಿಯ ಮೇಲೆ ಹಾಜರಿಗೆ ನಿಂತಿದ್ದರು. ವಿದ್ಯಾವತಿ ಮೊಬೈಲ್ ಎತ್ತಿ, ಮತ್ತೆ ಇಳಿಸಿದಳು. ಸಾಲಿನಲ್ಲಿ ಮೂರನೆಯವಳಾದ ಮೇಲೆ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಇತ್ತು.

"ನಡುವ ಜಾಗಾ ಬಿಟ್ಟೀರಿ. ಒತ್ತಿ ನಿಲ್ರಿ ಆಯಿ."

"ಅದು ಪರಸವ್ವಂದು," ಎಂದಳು ಚಂದ್ರಾಬಾಯಿ. "ಬರಲಾರದಾಕಿ ಬಂದಿಲ್ಲ ಅಂತ ಫೋಟೋದಾಗ ಕಾಣಲಿ. ಹಂಗ ತಗಿ."

ವಿದ್ಯಾವತಿ ಹಾಗೆಯೇ ತೆಗೆದಳು. ಹದಿಮೂರು ಹೆಂಗಸರು, ಹದಿಮೂರು ಹಾಜರಿ.