ಕೊಟ್ಟ ಕಿಡ್ನಿಯ ಕಾವಲು

ಬೀಗ ರಿಪೇರಿಯವನ ಹೆಂಡತಿ ಬಾಯಿ ಜೋರಿನವಳು, ಕೈ ಅದಕ್ಕಿಂತ ಧಾರಾಳ. ಗಂಡನ ಎರಡೂ ಕಿಡ್ನಿಯಲ್ಲಿ ನೀರುಗುಳ್ಳೆ ತುಂಬಿ ಅವು ಕೈಕೊಟ್ಟವು. ತಾಯಿಯಿಂದ ಬಂದ ರೋಗ; ತಂಗಿಗೂ ಅದೇ ಇದ್ದುದರಿಂದ ಅವಳು ಕೊಡುವಂತಿರಲಿಲ್ಲ. "ಇಷ್ಟಕ್ಕೆಲ್ಲ ಅಳೋದೇನು, ನಂದು ತಗೊಳ್ಳಿ" ಅಂದು ಹೆಂಡತಿಯೇ ಒಂದನ್ನು ಕೊಟ್ಟುಬಿಟ್ಟಳು.

ಕೊಟ್ಟ ಮೇಲೆ ಶುರುವಾಯಿತು ನೋಡಿ ಕಾವಲು! ಅವನು ಅಂಗಡಿಯಲ್ಲಿ ಕೀಲಿಕೈ ಉಜ್ಜುತ್ತಾ ಕೂತರೆ ಇವಳು ನೀರಿನ ಬಾಟಲಿ ಹಿಡಿದು ಹಾಜರು. ನೋವಿನ ಮಾತ್ರೆ ಮುಟ್ಟಿದರೆ, "ಅದು ಕಿಡ್ನಿ ತಿನ್ನುತ್ತೆ" ಅಂತ ಕಿತ್ತುಕೊಳ್ಳುವಳು.

ನಾದಿನಿ ನಗುತ್ತಿದ್ದಳು. "ಅತ್ತಿಗೆ, ಅಣ್ಣನ್ನ ಒಂದಿನಾನಾದ್ರೂ ವಿಚಾರಿಸ್ಕೊಂಡಿದ್ದೀರಾ? ಬರೀ ನಿಮ್ಮ ಕಿಡ್ನಿ ಕ್ಷೇಮ ಕೇಳ್ತೀರಿ."

"ಅದು ಚೆನ್ನಾಗಿದ್ರೆ ನಿಮ್ಮಣ್ಣ ಚೆನ್ನಾಗಿರ್ತಾರೆ ಬಿಡಮ್ಮ."

ಡಾಕ್ಟರು ಮಾತ್ರ ಎಚ್ಚರಿಸಿದ್ದರು. "ಈ ರೋಗ ಕಿಡ್ನಿಯಲ್ಲೇ ಮುಗಿಯಲ್ಲಮ್ಮ. ಕಿಡ್ನಿ ಹೊಸದಾದ್ರೂ ರಕ್ತನಾಳ ಹಳೇವೇ. ಮಿದುಳಲ್ಲಿ ಉಬ್ಬಿ ಒಡೆಯಬಹುದು. ಇವರಮ್ಮ ತಲೆನೋವು ಅಂತ ಕುಸಿದು ತೀರ್ಕೊಂಡ್ರು ಅಂತೀರಿ. ತಲೆ ಸ್ಕ್ಯಾನ್ ಮಾಡಿಸಿಬಿಡಿ."

ಹೊರಗೆ ಬೆಂಚಿನ ಮೇಲಿದ್ದ ರೋಗಿಯೊಬ್ಬ, ಸ್ಕ್ಯಾನಿಗೆಂದು ಚುಚ್ಚಿದ ಬಣ್ಣದ ಔಷಧಿಯಿಂದಲೇ ತನ್ನ ಕಸಿ ಕಿಡ್ನಿ ಹಾಳಾಯಿತು ಅಂದ. ಮುಗೀತಲ್ಲ! ಡಾಕ್ಟರ ಬಾಗಿಲು ಬೆನ್ನ ಹಿಂದೆಯೇ ಇತ್ತು. ಒಳಗೆ ಹೋಗಿ ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ ಮಹಾರಾಯ್ತಿ. "ಇಲ್ಲದ ಉಸಾಬರಿ, ನಡೀರಿ ಮನೆಗೆ" ಅಂದಳು. ಅವನಿಗೂ ಸ್ಕ್ಯಾನ್ ಅಂದರೆ ಭಯವೇ, ಸುಮ್ಮನೆ ಹಿಂದೆ ನಡೆದ.

ವರ್ಷ ಕಳೆಯಿತು. ಒಂದು ಬೆಳಗ್ಗೆ ಗಿರಾಕಿಯ ಬೀಗ ಬಿಚ್ಚುತ್ತಿದ್ದವನು ತಲೆ ಹಿಡಿದುಕೊಂಡು, "ಅಯ್ಯೋ, ಸಿಡೀತಿದೆ ಕಣೇ" ಅಂದ. ಕೂತಲ್ಲೇ ಉರುಳಿದ. ಆಮೇಲೆ ಮಾತಾಡಲಿಲ್ಲ.

"ರಕ್ತನಾಳ ಒಡೆದಿದೆ. ಇನ್ನು ಆಸೆ ಇಟ್ಕೋಬೇಡಿ" ಅಂದರು ಡಾಕ್ಟರು. "ಸ್ಕ್ಯಾನ್ ಯಾಕಮ್ಮ ಮಾಡಿಸಲಿಲ್ಲ?"

"ಆ ಬಣ್ಣದ ಔಷಧಿ ಕಿಡ್ನಿಗೆ..."

"ಅದಿಲ್ಲದೇನೂ ಮಾಡಬಹುದಿತ್ತಲ್ಲಮ್ಮ."

ತಾನೇ ಕೊಂದೆ ಅನ್ನಿಸಿತು ಅವಳಿಗೆ. ನಾದಿನಿ ಬಂದು ಕೈ ಹಿಡಿದರೆ ಬಿಡಿಸಿಕೊಂಡಳು.

ಸಂಜೆ ನರ್ಸ್ ಬಂದು ಮಂಚದ ಪಕ್ಕದ ಮೂತ್ರದ ಚೀಲ ಖಾಲಿ ಮಾಡಿದಳು. ಸಮಾಧಾನಕ್ಕೆ ಏನಾದರೂ ಹೇಳಬೇಕಲ್ಲ ಪಾಪ. "ನೀವು ಕೊಟ್ಟ ಕಿಡ್ನಿ ಮಾತ್ರ ತುಂಬಾ ಚೆನ್ನಾಗಿ ಕೆಲಸ ಮಾಡ್ತಿದೆ" ಅಂದಳು.

ನರ್ಸ್ ಹೋದ ಮೇಲೆ ಅವಳು ಹೊದಿಕೆಯೊಳಗೆ ಕೈ ತೂರಿಸಿ, ಗಂಡನ ಕಿಬ್ಬೊಟ್ಟೆಯ ಹೊಲಿಗೆ ಗುರುತಿನ ಮೇಲಿಟ್ಟಳು. ಬೆಚ್ಚಗಿತ್ತು.

"ಸಾಕು, ನಿಲ್ಲಿಸೇ" ಎಂದು ಒಳಗಿನ ಕಿಡ್ನಿಗೆ ಹೇಳುತ್ತಾ ಬಿಕ್ಕಿದಳು.

ಚೀಲಕ್ಕೆ ಆಗಲೇ ಹನಿ ಬೀಳುತ್ತಿತ್ತು.