ದಾರಿ ಕೇಳುತ್ತಿದ್ದ ಆಯಾ

ಅಂದು ಮಧ್ಯಾಹ್ನ ಹನ್ನೆರಡೂಕಾಲಿಗೆ ನಾನು ನಮ್ಮ ಸರಕಾರಿ ಆಸ್ಪತ್ರೆಯ ಹಲ್ಲಿನ ವಿಭಾಗದ ಬಾಗಿಲಲ್ಲಿ, ರೋಗಿಯ ಕುರ್ಚಿಯಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದೆ. ಕಿಟಕಿ ತೆರೆದಿತ್ತು. ಬಿಸಿಲು ಕುರ್ಚಿಯ ಕಾಲಿನವರೆಗೂ ಬಿದ್ದಿತ್ತು. ಆಯಾ ತೀರಿಕೊಂಡು ಹದಿನೇಳು ದಿನವಾಗಿತ್ತು.

ಆಕೆಯ ಬಲಗೈ ದೊಡ್ಡದು. ಇಡೀ ದಿನ ನೀರಿನಲ್ಲಿ ಕೆಲಸ ಮಾಡಿ ಬೆರಳ ತುದಿಗಳು ಒಡೆದಿದ್ದವು. ಲವಂಗದೆಣ್ಣೆಯ ವಾಸನೆಯ ಆ ಅಂಗೈ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಹಲ್ಲು ಕೀಳಿಸಿಕೊಳ್ಳುವವರ ತಲೆಯನ್ನು ಹಿಂದೆ ನಿಂತು ಹಿಡಿಯುವುದು ಆಕೆಯ ಕೆಲಸ. ಸೂಜಿ ಕಂಡು ನಡುಗುವವರ ಹಣೆಗೆ ಕೈಯೊತ್ತಿ, "ಬಸ್ ಇಳದ ಮ್ಯಾಲೆ ನಿಮ್ಮ ಮನಿಗೆ ಹೆಂಗ ಬರಬೇಕ್ರಿ?" ಎಂದು ಕೇಳುತ್ತಿದ್ದಳು. ಅವರು ದಾರಿ ಹೇಳಿ ಬಾಯಿ ತೆರೆದ ಮೇಲೆ, ಆ ದಾರಿಯನ್ನು ತಾನೇ ಮಾತಿನಲ್ಲಿ ನಡೆಯುತ್ತಿದ್ದಳು: "ಊರ ಅಗಸಿ ಬಾಗಲಾ ದಾಟಿದ್ನಿ. ಹಿಟ್ಟಿನ ಗಿರಣಿ ಬಂತು. ಇಕಾ, ನಿಮ್ಮ ಮನಿ ಕಟ್ಟಿ ಮ್ಯಾಲೆ ಕುಂತ್ನಿ ನೋಡ್ರಿ." ಅಷ್ಟರಲ್ಲಿ ಹಲ್ಲು ತಟ್ಟೆಗೆ ಬಿದ್ದಿರುತ್ತಿತ್ತು.

ಹೊರಬಂದವರನ್ನು "ಚಿಕಿತ್ಸೆ ಸಮಾಧಾನ ತಂದಿತೆ?" ಎಂದು ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಎಲ್ಲರೂ ಆಯಾಳನ್ನೇ ಹೊಗಳುತ್ತಿದ್ದರು.

"ಹಲ್ಲ ಕಿತ್ತಾಂವ ನಾನು, ಹೆಸರು ಈಕಿಗೆ" ಎಂದು ಡಾಕ್ಟರು ರೇಗಿಸುತ್ತಿದ್ದರು.

"ನೀವು ಬರೇ ಕೀಳ್ತೀರಿ ಸಾಹೇಬ್ರ. ಮನಿ ಮುಟ್ಟಸಾಕಿ ನಾನು."

ಅಂದು ಕುರ್ಚಿಯಲ್ಲಿದ್ದವಳು ಲಕ್ಷ್ಮೇಶ್ವರದ ಹತ್ತಿರದ ಮಾಗಡಿಯ ಒಬ್ಬ ಅಜ್ಜಿ. ನಮ್ಮ ಆಸ್ಪತ್ರೆಗೆ ಬಂದದ್ದು ಅದೇ ಮೊದಲು. ದವಡೆಯ ಬಾವು ಕುತ್ತಿಗೆಗೆ ಇಳಿದಿತ್ತು. ಎರಡು ಸಲ ಕುರ್ಚಿ ಬಿಟ್ಟು ಎದ್ದಿದ್ದಳು. "ಸತ್ತರ ಸಾಯ್ತೀನಿ, ಬಿಡ್ರಿ ನನ್ನ!"

"ಕೀವು ಗಂಟಲಿಗೆ ಇಳದರ ಉಸರು ಕಟ್ಟತೈತಿ, ಇವತ್ತ ತಗೀಬೇಕು" ಎಂದರು ಡಾಕ್ಟರು. ಆಯಾಳ ಜಾಗಕ್ಕೆ ಇನ್ನೂ ಯಾರೂ ಬಂದಿರಲಿಲ್ಲ. "ನೀವರೆ ಬಂದು ತಲಿ ಹಿಡೀರಿ" ಎಂದು ನನ್ನನ್ನು ಕರೆದರು.

ಒಂದು ಹೆಜ್ಜೆ ಇಟ್ಟೆ. ಅಷ್ಟರಲ್ಲಿ ಅಜ್ಜಿ ಸುಮ್ಮನಾದಳು. ಕಣ್ಣನ್ನು ಹಿಂದಕ್ಕೆ, ಮೇಲಕ್ಕೆ ಹೊರಳಿಸಿದಳು.

"ಕೆರಿ ದಂಡಿ ಹಿಡಕೊಂಡು ಬಾರವಾ. ಬೇವಿನ ಗಿಡದ ಹಂತೇಕ ಎಡಕ್ಕ ಹೊಳ್ಳು. ನೀಲಿ ಬಾಗಲಾ ನಮ್ದು."

ದಾರಿ ಯಾರೂ ಕೇಳಿರಲಿಲ್ಲ. ಕುರ್ಚಿಯ ಹಿಂದೆ ಗೋಡೆಯಷ್ಟೇ ಇತ್ತು. ಅಜ್ಜಿಯ ಹಣೆಯ ಸಡಿಲ ಚರ್ಮ ಬೆರಳು ಒತ್ತಿದ ಹಾಗೆ ನಾಲ್ಕು ಕಡೆ ತಗ್ಗಾಗಿ ಬೆಳ್ಳಗಾಗಿದ್ದನ್ನು ನಾನು ನೋಡಿದೆ. ಡಾಕ್ಟರೂ ನೋಡಿದರು. ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಸೂಜಿ ಚುಚ್ಚಿದರು, ಕಾದರು, ಹಲ್ಲು ಕಿತ್ತರು. ಅಜ್ಜಿ ಅಲುಗಲಿಲ್ಲ.

ಹೊರಗೆ ಬೆಂಚಿನ ಮೇಲೆ ಕೂರಿಸಿ ಕೇಳಿದೆ, "ಸಮಾಧಾನ ಆತೇನವಾ?"

ಹತ್ತಿ ಕಚ್ಚಿಕೊಂಡೇ ಹೇಳಿದಳು: "ಆತಪಾ. ಆ ತಲಿ ಹಿಡದಾಕಿನ್ನ ಕರಿ. ಕಟ್ಟಿ ಮ್ಯಾಲೆ ಕುಂತ್ನಿ ಅಂದ್ಲು. ಒಳಗ ಬಂದು ಚಾ ಕುಡಿ ಅಂತ ಹೇಳಾಕ ಬಾಯಿ ಬರಲಿಲ್ಲ ನನಗ."

ಹೇಳಿದ್ದನ್ನು ಹಾಗೆಯೇ ಬರೆದೆ. ಹೊಡೆದು ಹಾಕಲೇ ಎಂದು ಡಾಕ್ಟರನ್ನು ಕೇಳಿದೆ. ಎರಡು ಸಲ ಓದಿ, "ಇರ್ಲಿ ಬಿಡ್ರಿ" ಎಂದು ಸಹಿ ಮಾಡಿದರು.

ಅವರಿಗೆ ಈಗ ಮುಂಡರಗಿಗೆ ವರ್ಗವಾಗಿದೆ. ಕೇಳಿದರೆ ಅಲ್ಲಗಳೆಯುವುದಿಲ್ಲ. ಅಜ್ಜಿಯೂ ಬದುಕಿದ್ದಾಳೆ. ಕಳೆದ ಸೋಮವಾರ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಕಂಡೆ. ಕಡಕ್ ರೊಟ್ಟಿ ಕಡಿಯುತ್ತ ಕುಳಿತಿದ್ದಳು.