ಮಳೆ ಪುಸ್ತಕದಲ್ಲಿ ನಾದಿನಿಯ ಬಾಣೆ

ಗಾಳಿಬೀಡಿನ ಕಡೆ ಯಾರ ಮನೆಗೆ ಹೋದರೂ ಒಂದು ಮಳೆ ಪುಸ್ತಕ ಇದ್ದೇ ಇರುತ್ತದೆ. ಬೆಳಿಗ್ಗೆ ಅಂಗಳದ ಮಳೆಮಾಪಕ ನೋಡಿ, ಎಷ್ಟು ಇಂಚು ಎಷ್ಟು ಸೆಂಟ್ ಎಂದು ಬರೆದ ಮೇಲೆಯೇ ಕಾಫಿ. ನೂರು ಸೆಂಟ್ ಮಳೆಯಾದರೆ ಒಂದು ಇಂಚು. ನಾನು ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಬರೀ ಅಂಕಿ ಬರೆದು ಪುಸ್ತಕ ಮುಚ್ಚಲು ಮನಸ್ಸಾಗದೆ ಪಕ್ಕದಲ್ಲಿ ಏನಾದರೂ ಗೀಚುತ್ತಿದ್ದೆ. ಹಸು ಕರು ಹಾಕಿತು, ಕಾಫಿ ಹೂವಾಯಿತು, ಯಾರು ಬಂದರು, ಏನು ಕೇಳಿದರು.

"ಮಳೆಗೂ ನಿನ್ನ ಹಲಸಿನ ಹಪ್ಪಳಕ್ಕೂ ಎಂತ ಸಂಬಂಧ ಮಾರಾಯ್ತಿ?" ಎಂದು ನಮ್ಮವರು ನಗುತ್ತಿದ್ದರು.

ಮಗಳು ಕಾನೂನಿನಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ಆಸ್ತಿಯ ಹಕ್ಕು ಹೇಗೆ ಹುಟ್ಟುತ್ತದೆ, ಕಾಲ ಹೋದ ಹಾಗೆ ಹೇಗೆ ಬದಲಾಗುತ್ತದೆ ಎನ್ನುವುದು ಅವಳ ವಿಷಯ. ಅದಕ್ಕೆ ಅವಳು ಆರಿಸಿಕೊಂಡದ್ದು ನಮ್ಮ ಜಮ್ಮಾ ಬಾಣೆಯನ್ನೇ. ಸೊಪ್ಪು, ಸೌದೆ, ಮೇವು ಸಿಗಲಿ ಎಂದು ಹಿಂದಿನವರ ಕಾಲದಲ್ಲಿ ಗದ್ದೆಯ ಜೊತೆಗೆ ಕೊಟ್ಟ ಗುಡ್ಡದ ಜಾಗ ಅದು. ದಾಖಲೆಯಲ್ಲಿ ಹಿರಿಯನೊಬ್ಬನ ಹೆಸರು, ಅನುಭವಿಸುವುದು ಇಡೀ ಕುಟುಂಬ. ನಮ್ಮದು ಭಾವನ ಹೆಸರಿನಲ್ಲಿದೆ, ಎಂದರೆ ನನ್ನ ಗಂಡನ ಅಣ್ಣನ ಹೆಸರಿನಲ್ಲಿ.

ಉಳಿದವರ ಹೆಸರನ್ನೂ ಸೇರಿಸಲು ಅರ್ಜಿ ಕೊಡುವುದೆಂದು ಕಳೆದ ಬೇಸಿಗೆಯಲ್ಲಿ ಮಾತಾಯಿತು. ಭಾವ ಪಟ್ಟಿ ಬರೆದು ತಂದು ನಮ್ಮ ಜಗಲಿಯಲ್ಲಿ ಕೂತು ಓದಿದರು. ಅದರಲ್ಲಿ ನಾದಿನಿಯ ಹೆಸರಿರಲಿಲ್ಲ.

ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ನಮ್ಮ ಜೊತೆಗೇ ಇರುವವಳು ಅವಳು. ಬಾಣೆಯ ಮೇಲ್ತುದಿಯಲ್ಲಿ, ಒರತೆಯ ಪಕ್ಕ, ಯಾರಿಗೂ ಬೇಡವಾದ ಕಲ್ಲುಜಾಗವನ್ನು ಇಪ್ಪತ್ತು ಚಿಲ್ಲರೆ ವರ್ಷ ನೋಡಿಕೊಂಡವಳು. ಅಲ್ಲಿಯ ಹಲಸು, ಮೆಣಸಿನ ಬಳ್ಳಿ ಎಲ್ಲ ಅವಳ ಕೈಯದು. ಪಟ್ಟಿ ಓದಿ ಮುಗಿದಾಗ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

"ದೊಡ್ಡಪ್ಪ, ಅತ್ತೆ ಹೆಸರೆಲ್ಲಿ?" ಎಂದಳು ಮಗಳು.

"ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಹೆಸರು ಇದರಲ್ಲಿ ಬರುದಿಲ್ಲ ಗೂಡೆ." ಹುಡುಗಿಯರನ್ನು ನಾವು ಕರೆಯುವುದು ಹಾಗೆ.

"ಕಾನೂನಿನಲ್ಲಿ ಬರ್ತದೆ."

"ನಿನ್ನ ಕಾನೂನು ಮೊನ್ನೆ ಬಂದದ್ದು. ಮನೆ ಕ್ರಮ ಅಜ್ಜನ ಕಾಲದ್ದು. ಅವಳಿಗೆ ಇಲ್ಲಿ ಊಟಕ್ಕೆ ಉಂಟು, ಬಟ್ಟೆಗೆ ಉಂಟು. ಜಾಗ ಇಲ್ಲ."

ಕೋರ್ಟು ಇದೆಯೆಂದು ಎಲ್ಲರಿಗೂ ಗೊತ್ತಿತ್ತು. ಆದರೆ ಅಣ್ಣನ ಮೇಲೆ ಕೋರ್ಟಿಗೆ ಹೋಗುವವಳಲ್ಲ ನಾದಿನಿ. ಮಗಳು, "ಕ್ರಮ ಅಂದ್ರೆ ಎಲ್ಲರೂ ನಡ್ಕೊಂಡು ಬಂದದ್ದು ಅಲ್ವಾ ದೊಡ್ಡಪ್ಪ?" ಎಂದಳು.

"ಮತ್ತೆಂತ!"

ಅವಳು ಒಳಗಿನಿಂದ ನನ್ನ ಹಳೆಯ ಮಳೆ ಪುಸ್ತಕಗಳನ್ನು ಹೊತ್ತು ತಂದಳು. ಎರಡು ವಾರದಿಂದ ತನ್ನ ಪ್ರಬಂಧಕ್ಕೆಂದು ಅವುಗಳ ನಡುವೆಯೇ ಕೂತಿದ್ದಳು. ಚೀಟಿ ಇಟ್ಟಿದ್ದ ಪುಟ ತೆರೆದು ಗಟ್ಟಿಯಾಗಿ ಓದಿದಳು.

"ಮಳೆ ಇಲ್ಲ. ಭಾವನ ದನದ ಹಟ್ಟಿಗೆ ಸೊಪ್ಪು ಸಾಲದಂತೆ. ನಾದಿನಿಯ ಬಾಣೆಯಲ್ಲಿ ಕಡಿಯಲೇ ಎಂದು ಅವಳನ್ನು ಕೇಳಿದರು. ಹಲಸು ಮುಟ್ಟಬೇಡ ಎಂದಳು."

ಮತ್ತೊಂದು ಪುಸ್ತಕ. "ಹನ್ನೆರಡು ಸೆಂಟ್. ಭಾವ ಸೌದೆ ಕೇಳಿದರು. ನಾದಿನಿ ಈ ವರ್ಷ ಇಲ್ಲ ಎಂದಳು. ಹಾಗೆಯೇ ಹೋದರು."

ಬಾಣೆಯ ಯಾವ ತುಂಡನ್ನು ಯಾರು ನೋಡಿಕೊಳ್ಳುತ್ತಾರೋ ಅವರನ್ನು ಕೇಳದೆ ಅಲ್ಲಿ ಕತ್ತಿ ಆಡಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ದಾಖಲೆಯಲ್ಲಿ ಹೆಸರಿರುವವನಿಗೂ ಅದೇ ಕ್ರಮ. ಅದನ್ನು ಹಕ್ಕು ಎಂದು ಕರೆಯಬಹುದೆಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

"ಅತ್ತೆಯದ್ದು ಅಲ್ಲದಿದ್ರೆ ನೀವು ಯಾಕೆ ಕೇಳಿದ್ದು? ಇಲ್ಲ ಅಂದಾಗ ಯಾಕೆ ವಾಪಸ್ ಹೋದದ್ದು?"

ಭಾವ ಪುಸ್ತಕ ಇಸಿದುಕೊಂಡು, ಕನ್ನಡಕ ಸರಿಮಾಡಿ, ತಾವೇ ಓದಿದರು. ಎಷ್ಟೋ ಹೊತ್ತು ಪುಟ ತಿರುವುತ್ತಲೇ ಇದ್ದರು. ಕೊನೆಗೆ ನನ್ನ ಕಡೆ ನೋಡಿ, "ಆವತ್ತು ಅವಳು ನನಗೆ ಬೈದದ್ದು ಬರೀಲಿಲ್ಲವಲ್ಲ ನೀನು" ಎಂದರು.

"ಬೈದದ್ದೆಲ್ಲ ಬರೆಯೋಕೆ ಆ ಪುಸ್ತಕ ಸಾಕಾಗ್ತದಾ ಅಣ್ಣ?" ನಾದಿನಿಯ ಸ್ವರ ಅಡುಗೆಮನೆಯಿಂದ ಬಂತು.

ಭಾವ ನಕ್ಕರು. ಪೆನ್ನು ಕೇಳಿ, ಪಟ್ಟಿಯಲ್ಲಿ ತಮ್ಮನ ಹೆಸರಿನ ಕೆಳಗೆ ತಂಗಿಯ ಹೆಸರು ಬರೆದರು. ಎಷ್ಟು ಒತ್ತಿ ಬರೆದಿದ್ದರೆಂದರೆ ಹಾಳೆಯ ಹಿಂಬದಿಯಲ್ಲೂ ಅಕ್ಷರ ಕೈಗೆ ಸಿಗುತ್ತಿತ್ತು.

ಬೇರೆಯವರು ಬಂದು ಅನುಮತಿ ಕೇಳಿದ ದಿನವೇ ಹಕ್ಕು ಹುಟ್ಟಿರುತ್ತದೆ, ಕಾಗದ ಅದರ ಹಿಂದಿನಿಂದ ಬರುತ್ತದೆ ಎಂದು ಮಗಳು ಪ್ರಬಂಧದಲ್ಲಿ ಬರೆದಿದ್ದಾಳೆ. ಅದರ ಅಡಿಟಿಪ್ಪಣಿಯಲ್ಲಿ ನನ್ನ ಮಳೆ ಪುಸ್ತಕವಿದೆ. ದೊಡ್ಡ ದೊಡ್ಡ ತೀರ್ಪುಗಳ ಸಾಲಿನಲ್ಲಿ ನನ್ನ ಗೀಚು ಕೂತಿರುವುದನ್ನು ಮನೆಗೆ ಬಂದ ಎಲ್ಲರಿಗೂ ತೋರಿಸಿದ್ದೇನೆ. ಮೀಟರ್ ಓದಲು ಬಂದವನಿಗೂ.

ಅರ್ಜಿ ಕೊಟ್ಟ ಮರುವಾರ ಭಾವ ಕತ್ತಿ ಹಿಡಿದು ಅಂಗಳದಲ್ಲಿ ನಿಂತು, "ಮೇಲೆ ಸೊಪ್ಪು ಕಡೀಲಾ?" ಎಂದು ತಂಗಿಯನ್ನು ಕೇಳಿದರು.

"ಇನ್ನೂ ಕೇಳ್ತೀಯಾ ಅಣ್ಣ?"

"ಕೇಳದಿದ್ರೆ ಇವಳು ಅದನ್ನೂ ಬರೀತಾಳೆ."

ಮರುದಿನ ಬೆಳಿಗ್ಗೆ ಬರೆದೆ: ಎಂಟು ಸೆಂಟ್. ನಿನ್ನೆ ಭಾವ ಕೇಳಿದರು. ಹಲಸು ಮುಟ್ಟಬೇಡ ಎಂದಳು.